ಒಂದೂವರೆ ಟನ್ನಿನಿಂದ ಎಂಟು ಟನ್ನಿಗೆ

ಹಳೇ ಬೋಟನ್ನು ನಾನು ಕಾಲಿನಿಂದ ನಿಲ್ಲಿಸುತ್ತಿದ್ದೆ. ಹೇಳಿಕೊಳ್ಳುವಂಥ ವಿಷಯ ಅಲ್ಲ, ಆದರೆ ನಿಜ. 22 ಅಡಿ ಉದ್ದದ ಬೋಟು, ಹಿಂದೆ 90 ಎಚ್‌ಪಿಯ ಔಟ್‌ಬೋರ್ಡ್ ಮೋಟರು. ಪೆಟ್ರೋಲು, ನೀರು, ಮಕ್ಕಳು ಎಲ್ಲ ಸೇರಿದರೂ ಒಂದೂವರೆ ಟನ್ ದಾಟುತ್ತಿರಲಿಲ್ಲ. ಬೋಟು ಕಟ್ಟುವ ಕಟ್ಟೆ, ಅಂದರೆ ಡಾಕ್ ಹತ್ತಿರ ಬರುವಾಗ ಸ್ವಲ್ಪ ಜೋರಾಯಿತು ಅನ್ನಿಸಿದರೆ ಕಾಲು ಚಾಚಿ ಒತ್ತಿದರಾಯಿತು. ಗಾಳಿಗೆ ಮೂತಿ ಆಚೆ ಹೋದರೆ ಹಗ್ಗ ಹಿಡಿದು ಎಳೆದುಕೊಳ್ಳುತ್ತಿದ್ದೆವು, ಕೊಟ್ಟಿಗೆಗೆ ಕರು ಎಳೆದ ಹಾಗೆ. ಏಳು ವರ್ಷ ಹೀಗೇ ನಡೆಯಿತು.

ಈ ಏಪ್ರಿಲ್‌ನಲ್ಲಿ ಅದನ್ನು ಮಾರಿ 32 ಅಡಿಯ ಬೋಟು ತಗೊಂಡೆವು. 2003ರಲ್ಲಿ ಕಟ್ಟಿದ್ದು. ನೋಡಲು ಟಗ್ ಬೋಟಿನ ಹಾಗೆ, ಮೂತಿ ಎತ್ತರ, ನಡುವೆ ಗಾಜಿನ ಮನೆ, ಒಂದೇ ಡೀಸೆಲ್ ಎಂಜಿನ್. ಟ್ಯಾಂಕುಗಳೆಲ್ಲ ತುಂಬಿದರೆ ತೂಕ ಸುಮಾರು ಎಂಟು ಟನ್. ಉದ್ದ ಹತ್ತು ಅಡಿ ಮಾತ್ರ ಜಾಸ್ತಿ, ತೂಕ ಐದು ಪಟ್ಟು. ಕೊಳ್ಳುವ ಮೊದಲು ನಾನು ಲೆಕ್ಕ ಹಾಕಿದ್ದು ಬರೀ ಉದ್ದವನ್ನು.

ನಾವಿರುವುದು ಸಿಯಾಟಲ್‌ನಲ್ಲಿ. ನಾನು ಬೆಳೆದದ್ದು ಹೊನ್ನಾವರದ ಹತ್ತಿರ, ಶರಾವತಿ ದಡದಲ್ಲಿ. ಶಾಲೆಗೆ ಹೋಗಬೇಕೆಂದರೆ ತಾರಿ ದಾಟಬೇಕಿತ್ತು. ಹಾಗಾಗಿ ದೋಣಿ ನನಗೆ ಶೋಕಿಯ ವಸ್ತು ಅಂತ ಯಾವತ್ತೂ ಅನ್ನಿಸಿಲ್ಲ. ಬ್ಯಾಂಕ್ ಖಾತೆ ನೋಡಿದಾಗ ಹೆಂಡತಿಗೆ ಬೇರೆ ಥರ ಅನ್ನಿಸುತ್ತದೆ, ಅದು ಬೇರೆ ಮಾತು.

ದೊಡ್ಡದು ಬೇಕಾದದ್ದಕ್ಕೆ ಕಾರಣ ಮಕ್ಕಳು. ಮಗಳಿಗೆ 11, ಮಗನಿಗೆ 7. ಹಳೇ ಬೋಟಿನಲ್ಲಿ ನಾಲ್ಕೂ ಜನ ಮಲಗಬೇಕೆಂದರೆ ಊಟದ ಮೇಜು ಕಳಚಿ ಹಾಸಿಗೆ ಮಾಡಬೇಕಿತ್ತು. ರಾತ್ರಿ ಒಬ್ಬರು ಎದ್ದರೆ ಎಲ್ಲರೂ ಎದ್ದ ಹಾಗೆ. ಶೌಚಕ್ಕೆ ಒಂದು ಪ್ಲಾಸ್ಟಿಕ್ ಡಬ್ಬಿ, ಅದಕ್ಕೊಂದು ಪರದೆ. ಮಗಳು ಕಳೆದ ವರ್ಷ ಸ್ಪಷ್ಟವಾಗಿ ಹೇಳಿದಳು, ಬಾಗಿಲಿರುವ ಶೌಚಾಲಯ ಇಲ್ಲದಿದ್ದರೆ ಇನ್ನು ಮುಂದೆ ತಾನು ಬರುವುದಿಲ್ಲ ಅಂತ. ನ್ಯಾಯವಾದ ಬೇಡಿಕೆ.

ಬಳಸಿದ ಬೋಟು ಕೊಳ್ಳುವಾಗ ಅದನ್ನು ಪರೀಕ್ಷಿಸುವ ಸರ್ವೇಯರ್‌ಗೆ ಕೊಡುವ ದುಡ್ಡು ಉಳಿಸಬಾರದು. ನಾವು ಗೊತ್ತು ಮಾಡಿದವರು ಬೋಟನ್ನು ಕ್ರೇನಿನಲ್ಲಿ ಎತ್ತಿಸಿ, ತಳ ಒಣಗುವ ತನಕ ಕಾಫಿ ಕುಡಿದು, ಆಮೇಲೆ ಚಿಕ್ಕ ಸುತ್ತಿಗೆ ತಗೊಂಡು ಶುರು ಮಾಡಿದರು. ಪ್ಲಾಸ್ಟಿಕ್ ತಲೆಯ ಸುತ್ತಿಗೆ. ಟಕ್, ಟಕ್, ಟಕ್. ಒಂದು ಗೇಣಿಗೆ ಒಂದು ಪೆಟ್ಟು. ಕಿವಿ ಕೊಟ್ಟು ಕೇಳುತ್ತಾ ಇಡೀ ಬೋಟಿನ ಸುತ್ತ ನಡೆದರು. ನನಗೆ ಆಯಿ, ಅಂದರೆ ಅಮ್ಮ, ಹಲಸಿನ ಹಣ್ಣು ಬಡಿದು ನೋಡುವುದು ನೆನಪಾಯಿತು. ಮೇಲಿನ ಡೆಕ್‌ನಲ್ಲಿ, ಕಟಕಟೆಯ ಒಂದು ಕಂಬದ ಬುಡದಲ್ಲಿ, ಟಕ್ ಹೋಗಿ ಡಬ್ ಆಯಿತು. ಅವರು ನಿಂತರು. ಸುತ್ತ ನಾಲ್ಕು ಕಡೆ ಬಡಿದರು. ಡಬ್, ಡಬ್, ಟಕ್, ಟಕ್. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಊಟದ ತಟ್ಟೆಯಷ್ಟು ಜಾಗ. ಬೋಲ್ಟ್ ತೂತಿನಿಂದ ನೀರಿಳಿದು ಫೈಬರ್‌ಗ್ಲಾಸ್ ಪದರಗಳ ನಡುವಿನ ಮರ ನೆನೆದಿದೆ ಅಂದರು. ನಾನಂತೂ ನೂರು ಸಲ ಅದರ ಮೇಲೆ ನಡೆದರೂ ಕಂಡುಹಿಡಿಯುತ್ತಿರಲಿಲ್ಲ. ಎಂಜಿನ್ ಆಯಿಲ್ ಕೂಡ ಪ್ರಯೋಗಾಲಯಕ್ಕೆ ಹೋಯಿತು. ಅದರಲ್ಲಿ ಲೋಹದ ಪುಡಿ, ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಅಥವಾ ಉಪ್ಪುನೀರಿನ ಅಂಶ ಜಾಸ್ತಿ ಇದೆಯಾ ಅಂತ ನೋಡುತ್ತಾರೆ. ಎಂಜಿನ್ ಚೆನ್ನಾಗಿತ್ತು. ಡೆಕ್ ರಿಪೇರಿಯ ದುಡ್ಡು ಬೆಲೆಯಲ್ಲಿ ಇಳಿಯಿತು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ ವಿಶೇಷ ಪರವಾನಗಿ ಇಲ್ಲದೆ ರಸ್ತೆಯಲ್ಲಿ ಎಳೆಯಬಹುದಾದ ಅಗಲ ಎಂಟೂವರೆ ಅಡಿ. ಹಳೆಯದು ಅದರೊಳಗಿತ್ತು, ಮನೆ ಮುಂದೆ ಟ್ರೇಲರ್ ಮೇಲೆ ಬಿಟ್ಟಿ ನಿಲ್ಲುತ್ತಿತ್ತು. ಇದರ ಅಗಲ 11 ಅಡಿ. ಅಂದರೆ ವರ್ಷವಿಡೀ ನೀರಲ್ಲೇ, ಬಾಡಿಗೆ ಕೊಟ್ಟು. ಬಾಡಿಗೆ ಅಡಿ ಲೆಕ್ಕ. ಮರೀನಾದವರು (ಬೋಟು ನಿಲ್ಲಿಸಲು ಜಾಗ ಕೊಡುವವರು) ಟೇಪು ಹಿಡಿದು ಮುಂದಿನ ಲಂಗರಿನ ತುದಿಯಿಂದ ಹಿಂದಿನ ಮೆಟ್ಟಿಲ ಹಲಗೆಯ ತುದಿಯವರೆಗೆ ಅಳೆಯುತ್ತಾರೆ. ಕಾಗದದಲ್ಲಿ 32 ಅಡಿ, ಬಾಡಿಗೆಗೆ 36. ಇದರ ಮೇಲೆ ರಾಜ್ಯಕ್ಕೆ ವರ್ಷವರ್ಷ ಬೋಟಿನ ಬೆಲೆಯ ಅರ್ಧ ಶೇಕಡಾ ತೆರಿಗೆ. ಬೋಟಿನ ಬೆಲೆ ಒಂದೇ ಸಲ ಕೊಡುವುದು, ಉದ್ದದ ಬೆಲೆ ತಿಂಗಳು ತಿಂಗಳು.

ಈಗ ಕಾಲಿನ ವಿಷಯಕ್ಕೆ ಬರುತ್ತೇನೆ.

ಊರೊಳಗಿನ ಸರೋವರ ಲೇಕ್ ಯೂನಿಯನ್‌ನಲ್ಲಿ ಬೋಟು ಕಟ್ಟುವ ನಮ್ಮ ಜಾಗ. ಎರಡನೇ ವಾರ, ಮಧ್ಯಾಹ್ನ, ದಕ್ಷಿಣದಿಂದ ಗಾಳಿ. ನಾನು ಸ್ಟೇರಿಂಗ್‌ನಲ್ಲಿ, ಹೆಂಡತಿ ಹಗ್ಗ ಹಿಡಿದು ಪಕ್ಕದಲ್ಲಿ, ಹಳೇ ಬೋಟಿನಲ್ಲಿ ಇದ್ದ ಹಾಗೇ. ಹೊಸ ಬೋಟಿನ ಮೂತಿಯ ಕೆಳಗೆ ಬೌ ಥ್ರಸ್ಟರ್ ಇದೆ. ಅಡ್ಡಡ್ಡ ಕೊಳವೆಯೊಳಗೆ ಒಂದು ಚಿಕ್ಕ ಪ್ರೊಪೆಲರ್, ಬ್ಯಾಟರಿಯಿಂದ ಓಡುತ್ತದೆ. ಗುಂಡಿ ಒತ್ತಿದರೆ ಮೂತಿ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಮೊದಲ ವಾರ ಅದು ಸಿಕ್ಕಿದ ಖುಷಿಯಲ್ಲಿ ಸ್ಟೇರಿಂಗನ್ನೇ ಮರೆತಿದ್ದೆ. ಅವತ್ತೂ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಒಂದೆರಡು ನಿಮಿಷಕ್ಕೆ ಅದು ಸುಮ್ಮನಾಯಿತು. ಕೆಟ್ಟದ್ದಲ್ಲ, ಮೋಟರು ಬಿಸಿಯಾಗಿ ತನ್ನಷ್ಟಕ್ಕೆ ನಿಂತದ್ದು. ಆದರೆ ಆ ಕ್ಷಣದಲ್ಲಿ ನನಗದು ಗೊತ್ತಿಲ್ಲ. ಗಾಳಿ ಮೂತಿಯನ್ನು ಪಕ್ಕದ ಕಂಬದ ಕಡೆ ನಿಧಾನ ತಳ್ಳತೊಡಗಿತು.

ಎಷ್ಟು ನಿಧಾನ ಅಂದರೆ ನಡೆದುಹೋಗಿ ತಡೆಯಬಹುದು ಅನ್ನಿಸುವಷ್ಟು. ನಾನು ಅದನ್ನೇ ಮಾಡಿದೆ. ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ಮುಂದೆ ಓಡಿ, ಕಟಕಟೆಯಿಂದ ಹೊರಗೆ ಕಾಲು ಚಾಚಿದೆ. ಹೆಂಡತಿ ಕಿರುಚಿದ ಕಿರುಚಿಗೆ ಕಾಲು ಒಳಗೆ ಬಂತು. ಆಕೆ ಕಿರುಚದಿದ್ದರೆ ಈಗ ಊರುಗೋಲು ಹಿಡಿದು ಇದನ್ನು ಬರೆಯಬೇಕಿತ್ತು. ಬೋಟು ಅದೇ ನಿಧಾನದಲ್ಲಿ ಹೋಗಿ ಕಂಬಕ್ಕೆ ಒರಗಿತು. ಸದ್ದು ಕೂಡ ದೊಡ್ಡದಲ್ಲ, ಕಿರ್ ಅಂದಿತು ಅಷ್ಟೇ. ಬೆರಳಿನಷ್ಟು ದಪ್ಪದ ಸ್ಟೀಲ್ ಕಟಕಟೆ ಹಪ್ಪಳದ ಅಂಚಿನ ಹಾಗೆ ಮಡಚಿಕೊಂಡಿತ್ತು.

ಮಾರನೇ ವಾರವೇ ತರಬೇತಿ ಕೊಡುವ ಕ್ಯಾಪ್ಟನ್ ಒಬ್ಬರನ್ನು ಕರೆಸಿದೆವು. ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಅರ್ಧರ್ಧ ದಿನದಂತೆ ಎರಡು ಪಾಠ. ಮೊದಲು ಮಾಡಿದ್ದು ಥ್ರಸ್ಟರ್‌ನ ಸ್ವಿಚ್ ಆಫ್.

ಒಂದೇ ಪ್ರೊಪೆಲರ್ ಇರುವ ಬೋಟಿಗೆ ಒಂದು ಗುಣ ಇದೆ. ರಿವರ್ಸ್ ಹಾಕಿದರೆ ನೇರ ಹಿಂದೆ ಬರುವುದಿಲ್ಲ, ಹಿಂಭಾಗ ಒಂದು ಪಕ್ಕಕ್ಕೆ ಎಳೆಯುತ್ತದೆ. ನಮ್ಮದು ಎಡಕ್ಕೆ. ರಿವರ್ಸ್‌ನಲ್ಲಿ ಚುಕ್ಕಾಣಿಯೂ ಮಾತು ಕೇಳುವುದಿಲ್ಲ, ಯಾಕೆಂದರೆ ಪ್ರೊಪೆಲರ್ ದೂಡುವ ನೀರು ಚುಕ್ಕಾಣಿ ಮೇಲೆ ಹಾಯುವುದೇ ಇಲ್ಲ, ಮುಂದಕ್ಕೆ ಹೋಗಿಬಿಡುತ್ತದೆ. ನಾನು ಇಷ್ಟು ದಿನ ಇದನ್ನು ಬೋಟಿನ ಐಬು ಅಂದುಕೊಂಡು ಜಗಳ ಆಡುತ್ತಿದ್ದೆ. ಅವರು ಅದನ್ನೇ ಬಳಸಲು ಕಲಿಸಿದರು. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಬಿಟ್ಟುಬಿಡಿ. ಒಂದು ಸೆಕೆಂಡ್ ಮುಂದೆ, ಸ್ವಲ್ಪ ಜೋರಾಗಿ. ನ್ಯೂಟ್ರಲ್. ಒಂದೆರಡು ಸೆಕೆಂಡ್ ಹಿಂದೆ. ನ್ಯೂಟ್ರಲ್. ಮುಂದೆ ಒತ್ತಿದಾಗ ಚುಕ್ಕಾಣಿಯಿಂದ ಹಿಂಭಾಗ ಎಡಕ್ಕೆ ಹೋಗುತ್ತದೆ. ಹಿಂದೆ ಒತ್ತಿದಾಗ ಪ್ರೊಪೆಲರ್ ಎಳೆತದಿಂದ ಮತ್ತೂ ಎಡಕ್ಕೆ. ನಾಲ್ಕೈದು ಸಲ ಹೀಗೆ ಮಾಡಿದರೆ ಎಂಟು ಟನ್ ಬೋಟು ಇದ್ದಲ್ಲೇ ಬೀಸುಕಲ್ಲಿನ ಹಾಗೆ ತಿರುಗುತ್ತದೆ. ಡಾಕ್‌ಗೆ ಎಡ ಮಗ್ಗುಲು ಕೊಟ್ಟು ಬಂದರೆ ಕೊನೆಯ ರಿವರ್ಸ್ ಹಿಂಭಾಗವನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಜಾಗದಲ್ಲಿ ಬಲ ಮಗ್ಗುಲು ಕೊಡುತ್ತಿದ್ದೆವು. ಆಫೀಸಿಗೆ ಹೋಗಿ ಕೇಳಿಕೊಂಡು ಎದುರು ಸಾಲಿಗೆ ಬದಲಾಯಿಸಿಕೊಂಡೆವು. ಥ್ರಸ್ಟರ್‌ಗಿಂತ ದೊಡ್ಡ ಉಪಕಾರ ಅದು.

ಇನ್ನೊಂದು ಪಾಠ ಹಗ್ಗದ್ದು. ಮೊದಲು ಕಟ್ಟಬೇಕಾದದ್ದು ಮುಂದಿನದೂ ಅಲ್ಲ, ಹಿಂದಿನದೂ ಅಲ್ಲ, ನಡುವಿನದು. ಬೋಟಿನ ನಡುಭಾಗದಲ್ಲಿ ಹಗ್ಗ ಸುತ್ತಿ ಕಟ್ಟಲು ಇರುವ ಕ್ಲೀಟ್‌ನಿಂದ ಡಾಕ್ ಮೇಲೆ ಸ್ವಲ್ಪ ಹಿಂದಿರುವ ಕ್ಲೀಟ್‌ಗೆ ಒಂದು ಹಗ್ಗ ಹಾಕಬೇಕು. ಆಮೇಲೆ ಗೇರ್ ಮುಂದಕ್ಕೆ ಹಾಕಿ, ಥ್ರಾಟಲ್ (ವೇಗ ಏರಿಸುವ ಹಿಡಿಕೆ) ಮುಟ್ಟದೆ, ಸ್ಟೇರಿಂಗ್ ಡಾಕ್‌ನ ಆಚೆ ಕಡೆಗೆ ತಿರುಗಿಸಬೇಕು. ಹಗ್ಗ ಬಿಗಿಯುತ್ತದೆ, ಬೋಟು ಡಾಕ್‌ಗೆ ಅಂಟಿ ನಿಲ್ಲುತ್ತದೆ. ಗಾಳಿ ಎಷ್ಟೇ ಬೀಸಲಿ, ಉಳಿದ ಹಗ್ಗಗಳನ್ನು ಆರಾಮಾಗಿ ಕಟ್ಟಬಹುದು. ಯಾರೂ ಹಾರಬೇಕಾಗಿಲ್ಲ, ಯಾರೂ ಎಳೆಯಬೇಕಾಗಿಲ್ಲ.

ಎರಡನೇ ದಿನ ಕ್ಯಾಪ್ಟನ್ ನನ್ನನ್ನು ಎಬ್ಬಿಸಿ ಹೆಂಡತಿಯನ್ನು ಸ್ಟೇರಿಂಗ್‌ಗೆ ಕೂರಿಸಿದರು. ಆಕೆ ಮೂರನೇ ಪ್ರಯತ್ನಕ್ಕೇ ಸರಿಯಾಗಿ ತಂದು ನಿಲ್ಲಿಸಿದಳು. ಕಾರಣ ಸರಳ. ಹಳೇ ಬೋಟು ಓಡಿಸಿದ ಅಭ್ಯಾಸ ಆಕೆಗಿಲ್ಲ. ಗೇರ್ ಹಾಕಿದ ಮೇಲೆ ಬೋಟು ಉತ್ತರ ಕೊಡಲು ಎರಡು ಮೂರು ಸೆಕೆಂಡ್ ಬೇಕು. ಆಕೆ ಅಷ್ಟು ಹೊತ್ತು ಕಾಯುತ್ತಾಳೆ. ನಾನು ಕಾಯದೆ ಇನ್ನಷ್ಟು ಒತ್ತುತ್ತೇನೆ, ಆಮೇಲೆ ಎರಡೂ ಸೇರಿ ಜಾಸ್ತಿಯಾಗುತ್ತದೆ. ಅವತ್ತಿನಿಂದ ಡಾಕ್‌ಗೆ ತರುವುದು ಆಕೆ, ಹಗ್ಗ ಹಾಕುವುದು ನಾನು. ಭಾರದ ಕೆಲಸ ಇರುವುದು ಹಗ್ಗದಲ್ಲಿ, ಅದು ನನಗೇ ಸರಿ ಅಲ್ವಾ ಅಂತ ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ.

ಜೂನ್ ಕೊನೆಗೆ ಊರಿಂದ ಆಯಿ ಬಂದಳು. ಜುಲೈನಲ್ಲಿ ಐದೂ ಜನ ಹತ್ತು ದಿನಕ್ಕೆ ಸಾನ್ ವಾನ್ ದ್ವೀಪಗಳ ಕಡೆ ಹೊರಟೆವು.

ಲೇಕ್ ಯೂನಿಯನ್‌ನಿಂದ ಸಮುದ್ರಕ್ಕೆ ಹೋಗಬೇಕೆಂದರೆ ಬ್ಯಾಲರ್ಡ್ ಲಾಕ್ಸ್ ದಾಟಬೇಕು. ಲಾಕ್ ಅಂದರೆ ಎರಡೂ ತುದಿಗೆ ಗೇಟಿರುವ ನೀರಿನ ತೊಟ್ಟಿ, ಒಳಗೆ ನೀರು ಏರಿಸಿ ಇಳಿಸಿ ಬೋಟನ್ನು ದಾಟಿಸುತ್ತಾರೆ. 1917ರಲ್ಲಿ ತೆರೆದದ್ದು. ಸರೋವರದ ನೀರು ಸಮುದ್ರಕ್ಕಿಂತ ಎತ್ತರದಲ್ಲಿದೆ. ಉಬ್ಬರ ಇಳಿತ ನೋಡಿಕೊಂಡು 6 ಅಡಿಯಿಂದ 26 ಅಡಿವರೆಗೂ ವ್ಯತ್ಯಾಸ ಬರುತ್ತದೆ. ಎರಡು ಲಾಕ್ ಇವೆ. ಚಿಕ್ಕದರಲ್ಲಿ ಬದಿಯ ಗೋಡೆ ನೀರಿನ ಜೊತೆಗೇ ತೇಲಿ ಇಳಿಯುತ್ತದೆ, ಹಗ್ಗ ಕಟ್ಟಿ ಕೂತರೆ ಆಯಿತು. ದೊಡ್ಡದು 825 ಅಡಿ ಉದ್ದ, 80 ಅಡಿ ಅಗಲ, ಗೋಡೆ ಅಲ್ಲಾಡುವುದಿಲ್ಲ. ಅಲ್ಲಿ 50 ಅಡಿಯ ಎರಡು ಹಗ್ಗ ಬೇಕು, ನೀರಿಳಿದ ಹಾಗೆ ಹಗ್ಗ ಬಿಡುತ್ತಾ ಹೋಗಬೇಕು. ಬಿಡದಿದ್ದರೆ ಬೋಟು ಹಗ್ಗಕ್ಕೆ ನೇತುಬೀಳುತ್ತದೆ.

ಅವತ್ತು ನಮಗೆ ದೊಡ್ಡದೇ ಸಿಕ್ಕಿತು. ಹಳೇ ಬೋಟಿನ ಕಾಲದಲ್ಲಿ ನಮ್ಮನ್ನು ಯಾವಾಗಲೂ ಕೊನೆಗೆ ಕರೆಯುತ್ತಿದ್ದರು, ಯಾವುದೋ ದೊಡ್ಡ ಬೋಟಿನ ಮಗ್ಗುಲಿಗೆ ಕಟ್ಟಿಕೊಳ್ಳುತ್ತಿದ್ದೆವು. ಈ ಸಲ ನಮ್ಮನ್ನು ನೇರ ಗೋಡೆಗೆ ಕಳಿಸಿದರು. ಆಮೇಲೆ ಒಂದು ಚಿಕ್ಕ ಬೋಟಿನವರು ಬಂದು ನಮ್ಮ ಕ್ಲೀಟ್‌ಗೆ ಹಗ್ಗ ಹಾಕಿಕೊಂಡರು. ಅದರಲ್ಲಿದ್ದ ಹುಡುಗ ಮೇಲೆ ನೋಡುತ್ತಿದ್ದ ರೀತಿ ನೋಡಿ ನನಗೆ ಒಳಗೊಳಗೇ ಸ್ವಲ್ಪ ಜಂಬ ಬಂತು. ಸುಳ್ಳು ಯಾಕೆ ಹೇಳಲಿ.

ನೀರು ಇಳಿಯಲು ಶುರುವಾಯಿತು. ಸದ್ದಿಲ್ಲ, ಅಲುಗಾಟ ಇಲ್ಲ. ಕಣ್ಣೆದುರಿನ ಗೋಡೆ ಮಾತ್ರ ಉದ್ದವಾಗುತ್ತಾ ಹೋಗುತ್ತದೆ. ಮೊದಲು ಒಣ ಕಾಂಕ್ರೀಟ್, ಆಮೇಲೆ ಪಾಚಿ, ಆಮೇಲೆ ಚಿಪ್ಪಿಗಳು. ಆಯಿ ಗೋಡೆಯನ್ನೇ ನೋಡುತ್ತಾ ಕೂತಿದ್ದಳು. ‘ತಮಾ, ಬಾವಿಗೆ ಇಳಿದಾಂಗೆ ಆಗ್ತಲೋ’ ಅಂದಳು. ಗೇಟು ತೆರೆದು ಉಪ್ಪಿನ ಗಾಳಿ ಬಂದ ಮೇಲೆಯೇ ಆಕೆಯ ಕೈ ಸಡಿಲಾದದ್ದು.

ವೇಗದ ಮಾತು. ಹಳೆಯದು 18 ನಾಟ್, ಅಂದರೆ ಗಂಟೆಗೆ ಸುಮಾರು 33 ಕಿ.ಮೀ. ವೇಗದಲ್ಲಿ ಓಡುತ್ತಿತ್ತು. ಇದನ್ನು ಏಳೂವರೆಯಲ್ಲಿ ಓಡಿಸುತ್ತೇವೆ. ಈ ಥರದ ತಳ ನೀರನ್ನು ಸೀಳಿಕೊಂಡು ಹೋಗುತ್ತದೆ, ಮೇಲೆ ಹತ್ತುವುದಿಲ್ಲ. ಏಳೂವರೆ ದಾಟಿದರೆ ತಾನೇ ಎಬ್ಬಿಸಿದ ತೆರೆಯನ್ನು ತಾನೇ ಹತ್ತಬೇಕು. ಏಳೂವರೆಗೆ ಗಂಟೆಗೆ 3 ಗ್ಯಾಲನ್ (ಒಂದು ಗ್ಯಾಲನ್ ಸುಮಾರು 3.8 ಲೀಟರ್) ಡೀಸೆಲ್ ಸಾಕು. 13ಕ್ಕೆ ಒಯ್ದರೆ 11 ಗ್ಯಾಲನ್. ಒಂದು ಸಲ ಒಯ್ದು ನೋಡಿದೆ, ಮೀಟರ್ ನೋಡಿ ತಕ್ಷಣ ಇಳಿಸಿದೆ. ಮೊದಲ ದಿನ ವಿಡ್ಬೀ ದ್ವೀಪದ ಒಳಮಗ್ಗುಲಿಗೆ ಕೂಪ್‌ವಿಲ್‌ವರೆಗೆ ಹೋಗಲು ಆರು ತಾಸು ಬೇಕಾಯಿತು. ಹಿಂದೆ ಅದೇ ದಾರಿ ಎರಡೂವರೆ ತಾಸು. ಆದರೆ ಆ ಎರಡೂವರೆ ತಾಸು ಎಲ್ಲರೂ ಏನಾದರೂ ಹಿಡಿದುಕೊಂಡು ಹಲ್ಲು ಕಚ್ಚಿ ಕೂತಿರುತ್ತಿದ್ದೆವು. ಈಗ ಮಗಳು ಮೇಜಿನ ಮೇಲೆ ಚಿತ್ರ ಬರೆಯುತ್ತಾಳೆ, ಮಗ ನಿದ್ದೆ ಮಾಡುತ್ತಾನೆ. ಹೆಂಡತಿ ಮತ್ತು ನಾನು ದನಿ ಏರಿಸದೆ ಮಾತಾಡಬಹುದು. ಅದು ಒಳ್ಳೆಯದೋ ಅಲ್ಲವೋ ಇನ್ನೂ ಗೊತ್ತಾಗಿಲ್ಲ.

ಮರದ ದಿಮ್ಮಿಗಳ ಭಯವೂ ಕಡಿಮೆಯಾಯಿತು. ಇಲ್ಲಿಯ ನೀರಿನಲ್ಲಿ ತೇಲುವ ದಿಮ್ಮಿಗಳು ಬಹಳ. ಕೆಲವು ನೆಟ್ಟಗೆ ನಿಂತು ತುದಿ ಮಾತ್ರ ತೋರಿಸುತ್ತವೆ. 18 ನಾಟ್‌ನಲ್ಲಿ ಅದು ಕಂಡ ಮೇಲೆ ಯೋಚಿಸಲು ಹೊತ್ತಿಲ್ಲ. ಏಳೂವರೆಯಲ್ಲಿ ಇದೆ.

ಒಂದು ಐಬು ಹೇಳಲೇಬೇಕು. ಬದಿಯಿಂದ ತೆರೆ ಬಂದರೆ ಇದು ತೊಟ್ಟಿಲು. ಹಳೆಯದು ಕುಟ್ಟುತ್ತಿತ್ತು, ಇದು ತೂಗುತ್ತದೆ. ಒಂದು ದೊಡ್ಡ ಫೆರ್ರಿ ದಾಟಿಹೋದ ಮೇಲೆ ಅದರ ತೆರೆ ಮಗ್ಗುಲಿಗೆ ಬಡಿದು ಕಪಾಟು ತೆರೆದುಕೊಂಡು ಸ್ಟೀಲ್ ಡಬ್ಬಗಳೆಲ್ಲ ನೆಲಕ್ಕೆ. ಸಾಸಿವೆ ಇನ್ನೂ ಮೂಲೆಗಳಲ್ಲಿ ಸಿಗುತ್ತಿದೆ. ಈಗ ತೆರೆ ಕಂಡರೆ ಮೂತಿಯನ್ನು ಅದರ ಕಡೆ ಓರೆಯಾಗಿ ತಿರುಗಿಸುತ್ತೇವೆ, ದಾಟಿದ ಮೇಲೆ ಮತ್ತೆ ದಾರಿಗೆ.

ಡಿಸೆಪ್ಷನ್ ಪಾಸ್ ಕಡೆ ಹೋಗಲಿಲ್ಲ. ಆ ಕಿರಿದಾದ ಜಾಗದಲ್ಲಿ ಭರತದ ಸೆಳೆತ 8 ನಾಟ್‌ವರೆಗೂ ಏರುತ್ತದೆ. ನಮ್ಮ ವೇಗ ಏಳೂವರೆ. ಎದುರು ಸಿಕ್ಕರೆ ಆ ವೇಗದಲ್ಲಿ ಎಂಜಿನ್ ಓಡಿಸುತ್ತಲೇ ಹಿಂದೆ ಹೋಗುತ್ತೇವೆ. ಸೆಳೆತ ನಿಲ್ಲುವ ಹೊತ್ತು ನೋಡಿ ದಾಟಬಹುದು. ಊರಲ್ಲಿ ಅಳಿವೆ ದಾಟುವ ಮೀನುಗಾರರು ಹೊತ್ತು ಕಾಯುವುದನ್ನು ನೋಡಿಯೇ ಬೆಳೆದಿದ್ದೇನೆ. ಆದರೆ ಆಯಿ ಇರುವಾಗ ಆ ಪರೀಕ್ಷೆ ಬೇಡ ಅನ್ನಿಸಿತು. ಸ್ವಿನೊಮಿಶ್ ಕಾಲುವೆ ಹಿಡಿದು ಲಾ ಕಾನರ್ ಮೇಲೆ ಹೋದೆವು. ಕಾಲುವೆಯ ಎರಡೂ ಬದಿ ಹೊಲ, ಮನೆ. ಆಯಿಗೆ ಇಡೀ ಪ್ರವಾಸದಲ್ಲಿ ಇಷ್ಟವಾದ ದಾರಿ ಅದು.

ಈಗ ಶೌಚಾಲಯ. ಮಗಳು ಕೇಳಿದ ಬಾಗಿಲು ಇದೆ. ಒಳಗಿನದು ಹೋಗಿ ಸೇರುವುದು 30 ಗ್ಯಾಲನ್‌ನ ಟ್ಯಾಂಕಿಗೆ. 2018ರಿಂದ ಪ್ಯೂಜೆಟ್ ಸೌಂಡ್‌ನಲ್ಲಿ (ಸಿಯಾಟಲ್ ಪಕ್ಕದ ಸಮುದ್ರದ ಕೊಲ್ಲಿ) ಅದನ್ನು ಶುದ್ಧೀಕರಿಸಿದರೂ ನೀರಿಗೆ ಬಿಡುವ ಹಾಗಿಲ್ಲ, ಮರೀನಾಗಳಲ್ಲಿ ಪಂಪ್ ಇಟ್ಟಿರುತ್ತಾರೆ, ಅಲ್ಲೇ ಖಾಲಿ ಮಾಡಬೇಕು. ಐದು ಜನಕ್ಕೆ ಐದು ದಿನ ಬರುತ್ತದೆ ಅಂತ ನನ್ನ ಲೆಕ್ಕ. ಎರಡನೇ ರಾತ್ರಿಗೇ ಕೆಂಪು ದೀಪ ಹತ್ತಿತು. ಸೆನ್ಸರ್ ಕೆಟ್ಟಿದೆ ಅಂದುಕೊಂಡು ಟಾರ್ಚ್ ಹಿಡಿದು ಒಂದು ತಾಸು ವೈರು ನೋಡಿದೆ. ಸೆನ್ಸರ್ ಸರಿ ಇತ್ತು. ಆಯಿ ಮನೆಯಿಂದ ಚೊಂಬು ತಂದಿದ್ದಳು. ನನ್ನ ಲೆಕ್ಕದಲ್ಲಿ ಚೊಂಬು ಇರಲಿಲ್ಲ. ಆಯಿಗೆ ಏನೂ ಹೇಳಲಿಲ್ಲ. ಮಾರನೇ ದಿನದಿಂದ ದಾರಿಯಲ್ಲಿ ಎಲ್ಲೆಲ್ಲಿ ಪಂಪ್ ಇದೆ ಅಂತ ನಕ್ಷೆಯಲ್ಲಿ ಗುರುತು ಹಾಕಿಕೊಂಡೆ.

ಅಡುಗೆಮನೆಯಲ್ಲಿ ಮೂರು ಬರ್ನರ್, ಓವನ್, ನಿಜವಾದ ಸಿಂಕು. ಕುಡಿಯುವ ನೀರು 100 ಗ್ಯಾಲನ್. ಅನ್ನ, ತಂಬುಳಿ, ಚಿತ್ರಾನ್ನ ಎಲ್ಲ ಆಯಿತು. ಇಡ್ಲಿ ಒಂದು ಆಗಲಿಲ್ಲ, ಹಿಟ್ಟು ಹುದುಗುತ್ತಿರಲಿಲ್ಲ. ಜುಲೈನಲ್ಲೂ ಇಲ್ಲಿಯ ನೀರು ತಣ್ಣಗೆ, ರಾತ್ರಿ ಬೋಟಿನ ಒಳಗೂ ಚಳಿ. ಆಯಿ ಎರಡು ದಿನ ಹಿಟ್ಟನ್ನು ನೋಡಿ ಮೂರನೇ ದಿನ ಕೇಳಿದಳು, ‘ತಮಾ, ಬೆಚ್ಚಗಿಪ್ಪ ಜಾಗ ಎಲ್ಲೂ ಇಲ್ಯನೋ?’

ಇತ್ತು. ಎಂಜಿನ್ ಕೋಣೆ. ಎಂಜಿನ್ ಓಡುವಾಗ ಅದರ ಬಿಸಿ ಕೂಲಂಟ್ ಒಂದು ಕೊಳವೆಯಲ್ಲಿ ವಾಟರ್ ಹೀಟರ್‌ಗೆ ಹೋಗಿ ಸ್ನಾನದ ನೀರು ಕಾಯಿಸುತ್ತದೆ. ಎಂಜಿನ್ ನಿಂತ ಮೇಲೂ ಆ ಮೂಲೆ ಬೆಳಗಿನ ತನಕ ಬೆಚ್ಚಗಿರುತ್ತದೆ. ಸೂಷಿಯಾ ದ್ವೀಪದ ಎಕೋ ಬೇಯಲ್ಲಿ ಲಂಗರು ಹಾಕಿದ ಸಂಜೆ, ಹಿಟ್ಟಿನ ಸ್ಟೀಲ್ ಡಬ್ಬಕ್ಕೆ ಬಿಗಿಯಾಗಿ ಮುಚ್ಚಳ ಹಾಕಿ, ಮೇಲೊಂದು ಟವೆಲ್ ಸುತ್ತಿ, ನೆಲದ ಹಲಗೆ ಎತ್ತಿ, ಹೀಟರ್ ಪಕ್ಕದಲ್ಲಿ ಇಟ್ಟೆ.

ಬೆಳಿಗ್ಗೆ ಹಲಗೆ ಎತ್ತಿದಾಗ ಹಿಟ್ಟು ಮುಚ್ಚಳವನ್ನು ಎಬ್ಬಿಸಿ, ಟವೆಲ್ ದಾಟಿ, ತಳಕ್ಕೆ ಇಳಿದಿತ್ತು. ಮೇಲೆ ನಿಂತಿದ್ದ ಆಯಿಗೆ ಬಹಳ ಸಮಾಧಾನ, ‘ಚೊಲೋ ಹುಳಿ ಬಂಜು’ ಅಂದಳು. ಡಬ್ಬದಲ್ಲಿ ಉಳಿದದ್ದರಲ್ಲಿ ಹದಿನಾರು ಇಡ್ಲಿ ಆಯಿತು. ನಾನು ಹೊಟ್ಟೆ ಮೇಲೆ ಮಲಗಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಹೀಟರ್‌ನ ಹಿಂದೆ ಕೈ ಹಾಕಿ ಹಿಟ್ಟು ಒರೆಸುತ್ತಾ ಇದ್ದೆ. ಒಂದು ಕಡೆ ಬಿಳಿ ಹಿಟ್ಟಿನ ಮೇಲೆ ಹಸಿರು ಚುಕ್ಕೆಗಳು. ಒರೆಸಿದೆ. ಎರಡು ನಿಮಿಷಕ್ಕೆ ಮತ್ತೊಂದು ಚುಕ್ಕೆ. ಮೇಲೆ ಟಾರ್ಚ್ ತಿರುಗಿಸಿದರೆ, ಕೂಲಂಟ್ ಕೊಳವೆಯನ್ನು ಬಿಗಿ ಹಿಡಿಯುವ ಸ್ಟೀಲ್ ಪಟ್ಟಿ ತುಕ್ಕು ಹಿಡಿದು ಅರ್ಧ ಬಿರಿದಿತ್ತು. ಸರ್ವೇಯರ್‌ಗೂ ಕಾಣದ ಜಾಗ. ಇನ್ನು ಕೆಲವು ತಾಸು ಓಡಿದ್ದರೆ ಕೂಲಂಟ್ ಎಲ್ಲ ಹೋಗಿ, ನಡುನೀರಿನಲ್ಲಿ ಎಂಜಿನ್ ಕಾದು ನಿಲ್ಲುತ್ತಿತ್ತು.

ಬಿಡಿಭಾಗದ ಡಬ್ಬದಲ್ಲಿ ಅದೇ ಅಳತೆಯ ಪಟ್ಟಿ ಇತ್ತು. ಹಾಕಲು ಹತ್ತು ನಿಮಿಷ. ಹಿಟ್ಟು ಒರೆಸಲು ಎರಡು ತಾಸು. ಎಂಜಿನ್ ಕೋಣೆ ತೆರೆದರೆ ಈಗಲೂ ಡೀಸೆಲ್ ವಾಸನೆಗಿಂತ ಮೊದಲು ಹುಳಿ ವಾಸನೆ ಬರುತ್ತದೆ.